ಡಂಡರ್ ಕರೆ ತೆಗೆದು == ಹಾಕುವಾಗ: ನನ್ನ ಅನುಭವ

ಪೈಥಾನ್ ಕೋಡ್ ಪರಿಶೀಲನೆಗೆ ಕೂತಾಗ ನಾನು ಮೊದಲು ಹುಡುಕುವುದು __ಈಕ್ಯೂ__ (ಸಮವೇ), __ಎಲ್‌ಟಿ__ (ಚಿಕ್ಕದೇ) ಮುಂತಾದ ಡಂಡರ್ ಮೆಥಡ್‌ಗಳ, ಅಂದರೆ ಹೆಸರಿನ ಎರಡೂ ತುದಿಗೆ ಎರಡೆರಡು ಅಂಡರ್‌ಸ್ಕೋರ್ ಇರುವ ಮೆಥಡ್‌ಗಳ ನೇರ ಕರೆಗಳನ್ನು. ಸಿಕ್ಕರೆ ಆ ಜಾಗದಲ್ಲಿ == ನಂಥ ಆಪರೇಟರ್ ಹಾಕುತ್ತೇನೆ. == ಬರೆದರೂ ಒಳಗೆ ಓಡುವುದು ಅದೇ ಮೆಥಡ್ ತಾನೆ ಎನ್ನುವವರಿದ್ದಾರೆ. ಓಡುವುದೇನೋ ಅದೇ, ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ.

(5).__ಎಲ್‌ಟಿ__(2.5) ಓಡಿಸಿ ನೋಡಿ. ಇಂಟ್‌ನ ಮೆಥಡ್‌ಗೆ ಫ್ಲೋಟ್ ಗೊತ್ತಿಲ್ಲ, ಹಾಗಾಗಿ ನಾಟ್‌ಇಂಪ್ಲಿಮೆಂಟೆಡ್ ('ಈ ಹೋಲಿಕೆ ನನಗೆ ಬಾರದು') ಎಂಬ ಮೌಲ್ಯ ಬರುತ್ತದೆ. ಇಫ್ ಒಳಗೆ ಇಟ್ಟರೆ ಹಳೆಯ ಆವೃತ್ತಿಗಳು ಅದನ್ನು ಟ್ರೂ ಎಂದೇ ಎಣಿಸುತ್ತವೆ: ಐದು ಎರಡೂವರೆಗಿಂತ ಚಿಕ್ಕದಾಗಿಬಿಡುತ್ತದೆ! 5 < 2.5 ಎಂದು ಬರೆದರೆ ಪೈಥಾನ್ ಅಲ್ಲಿಗೆ ನಿಲ್ಲದೆ ಬಲಗಡೆಯ ಫ್ಲೋಟ್‌ನ __ಜಿಟಿ__ (ದೊಡ್ಡದೇ) ಕೇಳಿ ಫಾಲ್ಸ್ ಪಡೆಯುತ್ತದೆ. ಬಲಗಡೆಯದು ಎಡಗಡೆಯದರ ಸಬ್‌ಕ್ಲಾಸ್ ಆಗಿದ್ದರೆ ಮೊದಲು ಕೇಳುವುದೇ ಅದನ್ನು. ಎರಡೂ ಕೈಚೆಲ್ಲಿದರೆ < ಟೈಪ್‌ಎರರ್ ಎಸೆಯುತ್ತದೆ; == ಎರಡೂ ಒಂದೇ ಆಬ್ಜೆಕ್ಟೇ ಎಂದು ನೋಡಿ ತೀರ್ಮಾನಿಸುತ್ತದೆ.

ಪಟ್ಟಿಯಿಂದ ನನ್ (None, ಅಂದರೆ 'ಏನೂ ಇಲ್ಲ') ಮೌಲ್ಯಗಳನ್ನು ತೆಗೆಯಲು ಫಿಲ್ಟರ್‌ಗೆ ನನ್.__ಎನ್‌ಈ__ (ಸಮವಲ್ಲವೇ) ಕೊಡುವ ರೂಢಿ ಇದೆ. ಉಳಿದ ಮೌಲ್ಯಗಳಿಗೆ ಅದು ಕೊಡುವುದು ನಾಟ್‌ಇಂಪ್ಲಿಮೆಂಟೆಡ್, ಟ್ರೂ ಅಲ್ಲ. ಇಷ್ಟು ದಿನ ನಡೆದದ್ದು ಆಕಸ್ಮಿಕ. ನಾಟ್‌ಇಂಪ್ಲಿಮೆಂಟೆಡ್ ಅನ್ನು ಟ್ರೂ ಎಂದು ಎಣಿಸುವುದಕ್ಕೆ ಪೈಥಾನ್ 3.9ರಿಂದ ಎಚ್ಚರಿಕೆ ಬರುತ್ತಿತ್ತು, 3.14ರಲ್ಲಿ ನೇರ ಟೈಪ್‌ಎರರ್. ಅಲ್ಲಿ ನಾನು ಹಾಕುವುದು 'ಇಸ್ ನಾಟ್ ನನ್' ಎಂಬ ಪರೀಕ್ಷೆಯಿರುವ ಲಿಸ್ಟ್ ಕಾಂಪ್ರಹೆನ್ಷನ್.

ಇಂಥ ನೇರ ಕರೆಗಳನ್ನು ಹುಡುಕಲು ಕೋಡ್ ತಪಾಸಣೆಯ ಸಾಧನ ಪೈಲಿಂಟ್‌ನ ಸಿ2801 ನಿಯಮ ನೆರವಾಗುತ್ತದೆ. ಬದಲಿಸುವಾಗ ಮಾತ್ರ ಕಣ್ಣಿಟ್ಟಿರಬೇಕು. ಎ.__ಈಕ್ಯೂ__(ಬಿ) == ಟ್ರೂ ಎಂಬ ಸಾಲನ್ನು ಕಣ್ಣುಮುಚ್ಚಿ ಎ == ಬಿ == ಟ್ರೂ ಮಾಡಿದರೆ ಅದು ಸರಪಳಿ ಹೋಲಿಕೆಯಾಗಿ 'ಎ == ಬಿ ಮತ್ತು ಬಿ == ಟ್ರೂ' ಎಂಬ ಅರ್ಥ ಪಡೆಯುತ್ತದೆ. ಕೊನೆಯ == ಟ್ರೂ ಅಳಿಸಿಬಿಡಿ. ಮ್ಯಾಪ್‌ಗೆ ಫಂಕ್ಷನ್ನೇ ಬೇಕಿದ್ದರೆ ಆಪರೇಟರ್ ಮಾಡ್ಯೂಲ್‌ನ ಎಲ್‌ಟಿ, ಈಕ್ಯೂ ಕೊಡಿ; ಅವು ಓಡಿಸುವುದು ನಿಜವಾದ < ಮತ್ತು == ಅನ್ನೇ.

ಒಂದು ಕಡೆ ಮಾತ್ರ ನಾನು ಡಂಡರ್ ಕರೆ ಮುಟ್ಟುವುದಿಲ್ಲ: ಸಬ್‌ಕ್ಲಾಸ್‌ನ __ಈಕ್ಯೂ__ ಒಳಗಿನ ಸೂಪರ್().__ಈಕ್ಯೂ__(ಅದರ್), ಅಂದರೆ ಮೂಲ ಕ್ಲಾಸ್‌ನ ಮೆಥಡ್‌ಗೆ ಹೋಗುವ ಕರೆ. ಅಲ್ಲಿ == ಹಾಕಿದರೆ ಹೋಲಿಕೆಯಾಗುವುದು ಸೂಪರ್ ಆಬ್ಜೆಕ್ಟೇ, ನಮ್ಮ ಆಬ್ಜೆಕ್ಟ್ ಅಲ್ಲ. ಆದರೆ ಬಂದ ಉತ್ತರ ನಾಟ್‌ಇಂಪ್ಲಿಮೆಂಟೆಡ್ ಆಗಿದ್ದರೆ ಅದನ್ನು ಆ್ಯಂಡ್, ನಾಟ್‌ಗಳಿಗೆ ಸಿಕ್ಕಿಸದೆ ಹಾಗೆಯೇ ರಿಟರ್ನ್ ಮಾಡಿ.