ಕೆಂಡದ ಕಾಫಿಗೆ ಚಿಮುಕಿಸುವ ತಣ್ಣೀರು

ಡಿಸೆಂಬರ್ ರಜೆ ಬಂತೆಂದರೆ ನಮ್ಮ ತೋಟದ ಕೆಳಗಿನ ಬಯಲಿನಲ್ಲಿ ಮೊಮ್ಮಕ್ಕಳು, ಅವರ ಸ್ನೇಹಿತರು ಟೆಂಟ್ ಹಾಕುತ್ತಾರೆ. ಹಾಕಲಿ, ಬೇಡ ಅಂದವರ್ಯಾರು? ಆದರೆ ಬೆಳಿಗ್ಗೆ ಅವರು ಕಾಫಿ ಮಾಡುವುದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಸೊಂಟದೆತ್ತರ ಬೆಂಕಿ, ಅದರ ನೆತ್ತಿಯ ಮೇಲೆ ಪಾತ್ರೆ. ಹಾಲು, ನೀರು, ಪುಡಿ, ಸಕ್ಕರೆ ಎಲ್ಲಾ ಒಟ್ಟಿಗೆ ಸುರಿದು ಕೊತಕೊತ ಕುದಿಸುತ್ತಾರೆ. ಆಮೇಲೆ ಹಲ್ಲಿಗೆ ಸಿಕ್ಕ ಪುಡಿಯನ್ನು ತೂ ತೂ ಎಂದು ಉಗಿಯುತ್ತಾ, 'ಅಜ್ಜಿ, ಏನು ಮಜಾ ಗೊತ್ತಾ!' ಅನ್ನುತ್ತಾರೆ. ಚಿಕ್ಕಮಗಳೂರಿನ ಮಕ್ಕಳು ಕಾಫಿಯನ್ನು ಕಷಾಯ ಮಾಡಿಕೊಂಡು ಕುಡಿಯುವುದು ಅದ್ಯಾವ ಮಜಾ?

ಉರಿಯಲ್ಲಿ ಕಾಫಿ ಆಗುವುದಿಲ್ಲ, ಕೆಂಡದಲ್ಲಿ ಆಗುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಅವರ ಕಿವಿಗೆ ಇಳಿಯುವುದಿಲ್ಲ. ಒಣಗಿದ ಕಾಫಿ ರೆಂಬೆ, ಸಿಲ್ವರ್ ಓಕ್ ಚಕ್ಕೆ, ಹಲಸಿನ ತುಂಡು, ಯಾವುದಾದರೂ ಸರಿ. ಮುಕ್ಕಾಲು ಗಂಟೆ ಮೊದಲೇ ಹಚ್ಚಿ, ಹೊಗೆ ಎಲ್ಲಾ ಹೋಗಲಿ. ಕಂಡ ಕಂಡ ಸೌದೆ ತುರುಕಬೇಡಿ. ಕಣಗಿಲೆ ವಿಷ, ಅದರ ಹೊಗೆಯೂ ಒಳ್ಳೆಯದಲ್ಲ. ಕರಿಗೇರಿನ ಸೊನೆ ತಾಗಿದರೆ ಮೈಯೆಲ್ಲ ಬೊಬ್ಬೆ. ಒಲೆಗೆ ಹಳ್ಳದೊಳಗಿನ ಕಲ್ಲು ತರಬೇಡಿ. ಒಳಗೆ ನೀರು ಕುಡಿದಿರುತ್ತದೆ, ಕಾವಿಗೆ ಪಟ್ ಅಂತ ಸಿಡಿಯುತ್ತದೆ. ನಮ್ಮ ಮನೆಯ ಹುಡುಗನೊಬ್ಬನ ಹುಬ್ಬಿನ ಮೇಲೆ ಆ ಗುರುತು ಇನ್ನೂ ಇದೆ.

ಪುಡಿ ತರಿತರಿಯಾಗಿರಲಿ, ಚಿಕೋರಿ ಬೇಡ. ಫಿಲ್ಟರ್‌ಗೆ ತಂದ ನುಣುಪು ಪುಡಿಯನ್ನೇ ಚೀಲಕ್ಕೆ ಹಾಕಿಕೊಂಡು ಬರುತ್ತಾರೆ. ಚಿಕೋರಿ ಅಂದರೆ ಹುರಿದ ಬೇರು, ಬಿಸಿನೀರು ಕಂಡ ಕೂಡಲೇ ಕಪ್ಪಗೆ ಬಣ್ಣ ಬಿಡುತ್ತದೆ. ಕಾಫಿ ಇಳಿಯಿತು ಅಂತ ನೀವು ಮೋಸ ಹೋಗುತ್ತೀರಿ. ಎಷ್ಟು ಪುಡಿ ಅಂತ ಕೇಳಬೇಡಿ. ಲೋಟಕ್ಕೊಂದು ದೊಡ್ಡ ಚಮಚ, ಪಾತ್ರೆಯ ಪಾಲಿಗೆ ಇನ್ನೊಂದು, ಉಳಿದದ್ದು ಮೂಗಿಗೆ ಬಿಟ್ಟದ್ದು.

ನೀರು ಚೆನ್ನಾಗಿ ಕುದಿಯಲಿ. ಪಾತ್ರೆಯನ್ನು ಕೆಂಡದಿಂದ ಪಕ್ಕಕ್ಕೆ ಎಳೆದು, ಕುದಿ ತಣಿದ ಮೇಲೆ ಪುಡಿ ಹಾಕಿ. ಒಂದೇ ಸಲ ತಿರುಗಿಸಿ, ಮುಚ್ಚಿ. ಮತ್ತೆ ಬೆಂಕಿಗೆ ಇಡಬೇಡಿ. ಗಿರಿಯ ಕಡೆ ಹೋದವರಿಗೆ ಒಂದು ಮಾತು. ಮುಳ್ಳಯ್ಯನಗಿರಿಯ ತುದಿ 1,930 ಮೀಟರ್ ಎತ್ತರ. ಅಷ್ಟು ಎತ್ತರದಲ್ಲಿ ನೀರು 94 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದಂತೆ, ಇಂಜಿನಿಯರ್ ಮೊಮ್ಮಗ ಹೇಳಿದ. ಹಾಗಾಗಿ ಅಲ್ಲಿ ತಣಿಯಲು ಕಾಯಬೇಡಿ, ಪುಡಿಯನ್ನು ಒಂದು ನಿಮಿಷ ಜಾಸ್ತಿ ನೆನೆಯಲು ಬಿಡಿ. ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಯಿತು.

ಈಗ ತಣ್ಣೀರಿನ ವಿಷಯ. ಇದಕ್ಕಾಗಿಯೇ ನಾನು ಬರೆಯಲು ಕೂತದ್ದು.

ನಾಲ್ಕೈದು ನಿಮಿಷದ ಮೇಲೆ ಮುಚ್ಚಳ ತೆಗೆದರೆ ಪುಡಿ ಮೇಲೆ ಕೆನೆಯ ಹಾಗೆ ತೇಲುತ್ತಿರುತ್ತದೆ. ಹೊಸದಾಗಿ ಹುರಿದ ಪುಡಿಯಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ, ಅದಕ್ಕೇ ಮುಳುಗುವುದಿಲ್ಲ. ಅದಕ್ಕೆ ಚಮಚ ಹಾಕಿ ಕಲಕಬೇಡಿ, ಊದಬೇಡಿ. ಒಂದು ಲೋಟದಲ್ಲಿ ತಣ್ಣೀರು ಇಟ್ಟುಕೊಳ್ಳಿ. ತಣ್ಣೀರು ಅಂದರೆ ರಾತ್ರಿಯಿಡೀ ಹೊರಗಿದ್ದು ಕೈ ಜುಮ್ಮೆನ್ನುವ ನೀರು. ಬಾಟಲಿಯಿಂದ ದೊಳದೊಳ ಸುರಿಯುವುದಲ್ಲ. ಐದೂ ಬೆರಳು ಅದ್ದಿ, ದೇವರ ಮುಂದೆ ತೀರ್ಥ ಪ್ರೋಕ್ಷಣೆ ಮಾಡುವ ಹಾಗೆ ಚಿಮುಕಿಸಿ. ಮೊದಲು ಪಾತ್ರೆಯ ಅಂಚಿಗೆ ಸುತ್ತಲೂ, ಕೊನೆಗೆ ನಡುವಿಗೆ. ಮೂರು ಸುತ್ತು ಸಾಕು. ತಣ್ಣೀರು ಭಾರ, ಕೆಳಗೆ ಇಳಿಯುತ್ತದೆ, ಇಳಿಯುವಾಗ ಪುಡಿಯನ್ನೂ ಕರೆದುಕೊಂಡು ಹೋಗುತ್ತದೆ. ಪಾತ್ರೆಯ ಹೊಟ್ಟೆಗೆ ಚಮಚದಿಂದ ಮೆಲ್ಲಗೆ ಎರಡು ಸಲ ತಟ್ಟಿ. ಮತ್ತೆ ಮುಚ್ಚಿ, ಕೈಕಟ್ಟಿ ಕೂತುಕೊಳ್ಳಿ. ಮೊಬೈಲ್ ನೋಡಿ ಬೇಕಾದರೆ, ಪಾತ್ರೆ ಮಾತ್ರ ಅಲ್ಲಾಡಿಸಬೇಡಿ. ಬಗ್ಗಿಸುವಾಗ ಒಂದೇ ಓಟದಲ್ಲಿ ಬಗ್ಗಿಸಿ. ಒಮ್ಮೆ ಬಗ್ಗಿಸಿ, ನಿಲ್ಲಿಸಿ, ಮತ್ತೆ ಬಗ್ಗಿಸಿದರೆ ಕೂತ ಗಸಿಯೆಲ್ಲ ಎದ್ದುಬಿಡುತ್ತದೆ. ತಳದಲ್ಲಿ ಎರಡು ಬೆರಳಷ್ಟು ಬಿಟ್ಟುಬಿಡಿ, ದುರಾಸೆ ಬೇಡ.

ನಾನು ಇದನ್ನು ಕಲಿತದ್ದು ಕಣದಲ್ಲಿ. ಹಣ್ಣು ಕುಯ್ಯುವ ಕಾಲದಲ್ಲಿ ಒಣಗಲು ಹರವಿದ ಕಾಫಿಗೆ ರಾತ್ರಿ ಕಾವಲು ಇರುತ್ತಿತ್ತು. ಅಪ್ಪ, ಇಬ್ಬರು ಆಳುಗಳು, ಒಂದು ಕಂಬಳಿ, ಒಂದು ಬೆಂಕಿ. ಬೆಳಗಿನ ಜಾವ ಇಬ್ಬನಿ ಬೀಳುವ ಮೊದಲು ರಾಶಿಗೆ ಟಾರ್ಪಾಲು ಎಳೆದು, ಅಮ್ಮ ಅಲ್ಲೇ ಕಾಪಿ ಕಾಸುತ್ತಿದ್ದಳು. ಸೋಸುವ ಬಟ್ಟೆ ಮನೆಯಲ್ಲೇ ಉಳಿದಿರುತ್ತಿತ್ತು. ತಣ್ಣೀರು ಚಿಮುಕಿಸಿ, 'ಈಗ ಯಾರೂ ಉಸಿರಾಡಬೇಡಿ' ಅನ್ನುತ್ತಿದ್ದಳು. ನಾವು ನಿಜವಾಗಿ ಉಸಿರು ಬಿಗಿಹಿಡಿಯುತ್ತಿದ್ದೆವು.

ಬೆಲ್ಲ ಹಾಕುವವರು ಹಾಲು ಹಾಕದಿದ್ದರೇ ಚೆಂದ. ಹಾಲು ಬೇಕೇ ಬೇಕಾದರೆ ಬೇರೆಯಾಗಿ ಕಾಯಿಸಿ, ಕೆಂಡದಿಂದ ಇಳಿಸಿ, ಲೋಟದಲ್ಲೇ ಬೆರೆಸಿ. ಕುದಿಯುವ ಹಾಲಿಗೆ ಬೆಲ್ಲ ಹಾಕಿದರೆ ಒಡೆಯುತ್ತದೆ. ಮದುವೆಯಾದ ಹೊಸದರಲ್ಲಿ ಮಾವನ ಮುಂದೆಯೇ ಒಡೆಸಿ, ಅಡುಗೆಮನೆಯ ಬಾಗಿಲ ಹಿಂದೆ ನಿಂತು ಅತ್ತವಳು ನಾನು.

ಇನ್ನು ಮಸಿ. ಪಾತ್ರೆಯನ್ನು ಬೆಂಕಿಗೆ ಇಡುವ ಮೊದಲು ಹೊರಮೈಗೆ ಬೂದಿ ಕಲಸಿದ ನೀರನ್ನೋ ತೆಳ್ಳಗೆ ಕೆಸರನ್ನೋ ಸವರಿಬಿಡಿ. ತೊಳೆಯುವಾಗ ಮಸಿ ಅದರ ಜೊತೆಗೇ ಜಾರಿಹೋಗುತ್ತದೆ. ನಮ್ಮ ಸೊಸೆ ಸ್ಟೀಲ್ ಉಜ್ಜುಗ ಹಿಡಿದು ಅರ್ಧ ದಿನ ಗೀಚುತ್ತಾಳೆ. ಬಚ್ಚಲಮನೆಯ ತಾಮ್ರದ ಹಂಡೆಯನ್ನೂ ಅದರಲ್ಲೇ ಗೀಚಿದ್ದಾಳೆ! ತಾಮ್ರಕ್ಕೆ ಹುಣಸೆಹಣ್ಣು, ಉಪ್ಪು, ಎರಡು ಹಿಡಿ ತೆಂಗಿನ ನಾರು ಸಾಕು ಕಣೇ ಅಂದರೆ ನಗುತ್ತಾಳೆ. ಇರಲಿ ಬಿಡಿ.

ಬೆಂಕಿ ಹಾಕುವುದು ನಿಮ್ಮ ಅಂಗಳದಲ್ಲೋ, ಅನುಮತಿ ಇರುವ ಜಾಗದಲ್ಲೋ ಮಾತ್ರ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ. ಬೇಸಿಗೆಯಲ್ಲಿ ಒಂದು ಕಿಡಿ ಗುಡ್ಡದ ಒಣಹುಲ್ಲಿಗೆ ಹಾರಿದರೆ ಊರೆಲ್ಲ ಸೊಪ್ಪು ಹಿಡಿದು ಓಡಬೇಕಾಗುತ್ತದೆ. ಕುಡಿದಾದ ಮೇಲೆ ತಳದ ಗಸಿಯನ್ನು ಗಿಡದ ಬುಡಕ್ಕೆ ಹಾಕಿ, ಕೆಂಡಕ್ಕೆ ನೀರು ಸುರಿಯಿರಿ. ಕೋಲಿನಿಂದ ಕೆದಕಿ, ಮತ್ತೆ ಸುರಿಯಿರಿ. ಆಮೇಲೆ ಬೂದಿಯ ಹತ್ತಿರ ಅಂಗೈಯ ಹಿಂಬದಿ ಹಿಡಿದು ನೋಡಿ. ಹಿಡಿಯಲು ಹೆದರಿಕೆ ಆಯಿತೋ, ಇನ್ನೊಂದು ಕೊಡ ನೀರು ತನ್ನಿ.