ಟ್ರೂರೋ ಕೆಥೆಡ್ರಲ್: ಕಟ್ಟಿದ ಕ್ರಮದಲ್ಲೇ ಜೋಡಿಸುವ ಮಾದರಿ

ಇಂಗ್ಲೆಂಡಿನ ಕಾರ್ನ್‌ವಾಲ್‌ನ ಟ್ರೂರೋ ಕೆಥೆಡ್ರಲ್ (ಬಿಷಪ್ ಇರುವ ದೊಡ್ಡ ಚರ್ಚು) ಒಂದೇ ಸಲ ಎದ್ದ ಕಟ್ಟಡವಲ್ಲ. ಹಾಗಾಗಿ ಮಾದರಿಯನ್ನೂ ಕಾಲಕ್ಕೊಂದು ತುಂಡಾಗಿ ಮಾಡುತ್ತೇನೆ ಅಂದಾಗ ಮಾದರಿ ಕೆಲಸದವರೆಲ್ಲ ಬೇಡ ಅಂದರು. ಕೀಲಿನ ಗೆರೆ ಎದ್ದು ಕಾಣುತ್ತದೆ ಅನ್ನುವುದು ಅವರ ವಾದ. ಈಗ 1:200ರಲ್ಲಿ, ಅಂದರೆ ನಿಜದ ಇನ್ನೂರರಲ್ಲಿ ಒಂದು ಪಾಲಿನ ಅಳತೆಯಲ್ಲಿ, ಐದು ತುಂಡು ತಯಾರಾಗಿವೆ. ಗೆರೆ ಎಲ್ಲಿದೆ ಎಂದು ಬೆರಳಾಡಿಸಿ ಹುಡುಕಬೇಕು.

ಮೊದಲ ತುಂಡು ಆ ಜಾಗದಲ್ಲಿ ಮೊದಲಿದ್ದ ಸೇಂಟ್ ಮೇರಿ ಚರ್ಚಿನ ದಕ್ಷಿಣ ಬದಿಯ ಪಡಸಾಲೆ. ಇದು 16ನೇ ಶತಮಾನದ್ದು. ವಾಸ್ತುಶಿಲ್ಪಿ ಜಾನ್ ಲಾಫ್‌ಬರೋ ಪಿಯರ್ಸನ್ ಕೆಡವದೆ ಉಳಿಸಿಕೊಂಡ. ಎರಡನೆಯದು ಮರದ ಶೆಡ್. 1880ರ ಮೇ 20ರಂದು ಅಡಿಗಲ್ಲು ಬಿದ್ದ ಮೇಲೆ ಪೂಜೆಯೆಲ್ಲ ಅದರಲ್ಲೇ. ಆ ವರ್ಷದ ಡಿಸೆಂಬರ್ 24ರ ರಾತ್ರಿ ಟ್ರೂರೋದ ಬಿಷಪ್ ಬೆನ್ಸನ್ ಬೈಬಲಿನ ಒಂಬತ್ತು ಪಾಠಗಳ ಕ್ರಿಸ್ಮಸ್ ಪ್ರಾರ್ಥನೆ ನಡೆಸಿದ್ದೂ ಅಲ್ಲೇ. ಈ ತುಂಡಿಗೆ ಅಂಟು ಹಾಕಬೇಡಿ, 1887ರ ಹಂತಕ್ಕೆ ಬಂದಾಗ ಎತ್ತಿಬಿಡಬೇಕು. ಮೂರನೆಯದು 1887ರ ನವೆಂಬರ್ 3ರಂದು ಪ್ರತಿಷ್ಠೆಯಾದ ಪೂರ್ವಭಾಗ, ನಾಲ್ಕನೆಯದು 1905ರ ಹೊತ್ತಿಗೆ ಮುಗಿದ ನಡು ಗೋಪುರ ಮತ್ತು ಸಭಾಂಗಣ, ಐದನೆಯದು 1910ರ ಪಶ್ಚಿಮದ ಜೋಡಿ ಗೋಪುರ. ಪಿಯರ್ಸನ್ 1897ರಲ್ಲೇ ತೀರಿಕೊಂಡ, ಮುಗಿಸಿದ್ದು ಮಗ ಫ್ರಾಂಕ್.

ಹಣ ಕಳೆದದ್ದು ಅಡಿಹಲಗೆಯಲ್ಲಿ. ಇಕ್ಕಟ್ಟಾದ ಜಾಗಕ್ಕೆ ಹೊಂದಿಸಲು ಕಟ್ಟಡದ ನಡುಗೆರೆಯನ್ನೇ ಬಾಗಿಸಿದ್ದಾರೆ. ನೇರಗೆರೆಯಿಂದ ಸುಮಾರು 6 ಅಡಿ ಆಚೆ. ನಮ್ಮ ಅಳತೆಯಲ್ಲಿ 9 ಮಿಲಿಮೀಟರ್. ಅದನ್ನು ಲೆಕ್ಕಕ್ಕೆ ಹಿಡಿಯದೆ ನೇರ ನಡುಗೆರೆಯಲ್ಲಿ 3 ಮಿಮೀ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕತ್ತರಿಸಿದ್ದರಿಂದ ಸಭಾಂಗಣ ರಸ್ತೆಯ ಗೆರೆಗೆ ಕೂರಲೇ ಇಲ್ಲ. ಹಲಗೆ, ಲೇಸರ್ ಕೂಲಿ ಸೇರಿ ನಾಲ್ಕು ಸಾವಿರದಷ್ಟು ಹೋಯಿತು. ಈಗ ಅಡಿಹಲಗೆ ಎರಡು, ಬಾಗುವ ಕಡೆ ಸೇರುತ್ತವೆ. ಮಳೆಗಾಲದಲ್ಲಿ ಎಂಡಿಎಫ್ ಸೊಟ್ಟಗಾಗುತ್ತದೆ, ಅದಕ್ಕೆ ಸೀಲರ್ ಎರಡೂ ಬದಿಗೆ ಬಳಿಯಬೇಕು. ಒಂದೇ ಬದಿಗೆ ಬಳಿದರೆ ಇನ್ನೂ ಕೆಡುತ್ತದೆ. ಲೇಸರ್ ತಿನ್ನುವ ಅಗಲ ಹೆಚ್ಚುಕಡಿಮೆ 0.2 ಮಿಮೀ, ಅದನ್ನು ಬಿಟ್ಟುಕೊಡದಿದ್ದರೆ ತುಂಡು ಸಡಿಲ.

ಶಿಖರಗಳದ್ದು ಇನ್ನೊಂದು ಗೋಳು. ನಡುವಿನದರ ತುದಿ ನೆಲದಿಂದ 76 ಮೀಟರ್, ಅಂದರೆ 38 ಸೆಂಟಿಮೀಟರ್. ಪಶ್ಚಿಮದವು 61, ನಮಗೆ ಮೂವತ್ತೂವರೆ. ಪಿಎಲ್ಎ ಎಂಬ ಪ್ಲಾಸ್ಟಿಕ್ಕಿನಲ್ಲಿ ತ್ರಿಡಿ ಮುದ್ರಿಸಿದ್ದು ಏಪ್ರಿಲ್ ಬಿಸಿಲಿಗೆ ಮುಚ್ಚಿದ ಕಾರಿನೊಳಗೆ ಬಾಗಿತು. ಆ ಪ್ಲಾಸ್ಟಿಕ್ 60 ಡಿಗ್ರಿ ಹತ್ತಿರವೇ ಮೆತ್ತಗಾಗುತ್ತದೆ. 1,800 ರೂಪಾಯಿ ನೀರುಪಾಲು. ಈಗಿರುವುದು 2 ಮಿಮೀ ಹಿತ್ತಾಳೆ ಸಲಾಕೆಯ ಸುತ್ತ 300 ಜಿಎಸ್‌ಎಂ ತೂಕದ ದಪ್ಪ ಕಾರ್ಡಿನ ಎಂಟು ತ್ರಿಕೋನ. ಒಟ್ಟು ಖರ್ಚು 90 ರೂಪಾಯಿ ದಾಟಿಲ್ಲ, ಎರಡು ಬೇಸಿಗೆ ಕಳೆದರೂ ಕೂದಲೆಳೆಯಷ್ಟೂ ಅಲುಗಿಲ್ಲ.

ತುಂಡುಗಳನ್ನು ಹಿಡಿದಿರುವುದು 5 ಮಿಮೀ ಅಯಸ್ಕಾಂತ. ಅಂಟಿಸುವ ಮೊದಲೇ ಮಾರ್ಕರಿನಿಂದ ಧ್ರುವ ಗುರುತು ಮಾಡಿಕೊಳ್ಳಿ. ಕಿಟಕಿಯ ಅಕ್ರಿಲಿಕ್ ಹತ್ತಿರ ಸೂಪರ್ ಗ್ಲೂ ತರಲೇಬೇಡಿ, ಅದರ ಹಬೆಗೆ ಗಾಜು ಬೆಳ್ಳಗೆ ಮಂಜಾಗುತ್ತದೆ. ಗ್ರಾನೈಟ್ ಮೈಗೆ ಬೂದು ಅಕ್ರಿಲಿಕ್ ಬಣ್ಣದ ಜೊತೆ ಜರಡಿ ಹಿಡಿದ ಮರಳು. ಎಷ್ಟಕ್ಕೆ ಎಷ್ಟು ಅನ್ನುವುದು ನನ್ನಲ್ಲೇ ಇರಲಿ. ಕೀಲು ಮುಚ್ಚಿದ್ದೂ ಅದೇ ಮಿಶ್ರಣ.

ನಡುವೆ ಒಂದು ಪ್ರಯೋಗಕ್ಕೂ ಕೈಹಾಕಿದೆ. ಟ್ರೂರೋದ ಹೊರಮೈ ಗ್ರಾನೈಟ್ ಗಟ್ಟಿಯಾಗಿದೆ, ಆದರೆ ಕೆತ್ತನೆಗೆ ಬಳಸಿದ ಬಾತ್ ಕಲ್ಲು (ಒಂದು ಬಗೆಯ ಸುಣ್ಣಕಲ್ಲು) ಕಡಲ ಉಪ್ಪಿಗೆ ಸವೆಯುತ್ತದೆ. ಯಾಕೆಂದು ನೋಡಲು ಮೆದು ಸುಣ್ಣಕಲ್ಲಿನ ತುಂಡನ್ನೂ ಗ್ರಾನೈಟ್ ತುಂಡನ್ನೂ ಶೇ. 14ರ ಸೋಡಿಯಂ ಸಲ್ಫೇಟ್ ನೀರಲ್ಲಿ ಎರಡು ಗಂಟೆ ನೆನೆಸಿ, 105 ಡಿಗ್ರಿ ಓವನ್ನಿನಲ್ಲಿ ಹದಿನಾರು ಗಂಟೆ ಒಣಗಿಸಿದೆ. ಎಂಟೋ ಒಂಬತ್ತೋ ಸಲ ಆಗುವಷ್ಟರಲ್ಲಿ ಸುಣ್ಣಕಲ್ಲಿನ ಅಂಚು ಹಿಟ್ಟಾಗಿ ಉದುರತೊಡಗಿತು. ರಂಧ್ರದೊಳಗೆ ಹೊಕ್ಕ ಉಪ್ಪು ಹರಳುಗಟ್ಟುವಾಗ ಕಲ್ಲನ್ನು ಒಳಗಿನಿಂದಲೇ ಒಡೆಯುತ್ತದೆ. ಗ್ರಾನೈಟಿಗೆ ಏನೂ ಆಗಲಿಲ್ಲ. ಅದಕ್ಕೇ ಮಾದರಿಯಲ್ಲಿ ಗೋಡೆಯ ಅಂಚು ಚೂಪಾಗಿಟ್ಟು, ಕೆತ್ತನೆಯ ಅಂಚುಗಳನ್ನು ಮಾತ್ರ 400ರ ಸ್ಯಾಂಡ್‌ಪೇಪರಿನಲ್ಲಿ ತುಸು ಉಜ್ಜಿದ್ದೇನೆ.

ಮೊದಲ ತುಂಡಿಗೆ ಸೇರಿದ ಸೇಂಟ್ ಮೇರಿ ಗೋಪುರದ ಹಸಿರು ತಾಮ್ರದ ಶಿಖರಕ್ಕೆ ಬಣ್ಣ ಬಳಿದಿಲ್ಲ. 0.1 ಮಿಮೀ ತಾಮ್ರದ ಹಾಳೆಗೆ ಉಪ್ಪುನೀರು ಚಿಮುಕಿಸಿ, ಮುಚ್ಚಿದ ಡಬ್ಬಿಯಲ್ಲಿ ಅಮೋನಿಯಾ ಬಟ್ಟಲಿನ ಮೇಲೆ ಎರಡು ದಿನ ತೂಗುಹಾಕಿದರೆ ಸಾಕು. ಡಬ್ಬಿ ತೆರೆಯುವುದು ಬಯಲಲ್ಲೇ ಆಗಬೇಕು.