ಮೊದಲು ಆ ತಲೆದಿಂಬು ತೆಗೆಯಿರಿ

ಅಮಲಿನ ಔಷಧಿ ಜಾಸ್ತಿಯಾಗಿ (ಓವರ್‌ಡೋಸ್) ಬಿದ್ದವರನ್ನು ಉಳಿಸುವುದು ಹೇಗೆ ಎಂದು ನಮ್ಮ ಓಣಿಯ ಗಜಾನನ ಮಂಡಳಿ ಹುಡುಗರಿಗೆ ತರಬೇತಿ ಇಟ್ಟಿದ್ದೆವು. ಗೊಂಬೆಯನ್ನು ನೆಲಕ್ಕೆ ಮಲಗಿಸಿ, "ಇವನ ಉಸಿರು ನಿಲ್ತಾ ಇದೆ, ಏನು ಮಾಡ್ತೀರಿ?" ಎಂದು ಕೇಳಿದೆ. ಒಬ್ಬ ಜಾಕೆಟ್ ಮಡಚಿ ಗೊಂಬೆಯ ತಲೆ ಕೆಳಗೆ ಇಟ್ಟ. ಇನ್ನೊಬ್ಬ ಉಳ್ಳಾಗಡ್ಡಿ ತರಲು ಓಡಿದ. ಹುಬ್ಬಳ್ಳಿಯಲ್ಲಿ ನಾನು ಕಲಿಸಿದ ಕಡೆಯೆಲ್ಲ ಇದೇ ಕತೆ.

ಹೆರಾಯಿನ್, ಮಾರ್ಫಿನ್ ಅಷ್ಟೇ ಅಲ್ಲ, ಟ್ರಮಡಾಲ್, ಟ್ಯಾಪೆಂಟಡಾಲ್ ಗುಳಿಗೆಗಳೂ ಅಫೀಮಿನ ಹಾಗೇ ಕೆಲಸ ಮಾಡುತ್ತವೆ. ಜಾಸ್ತಿಯಾದರೆ ಉಸಿರು ನಿಧಾನವಾಗಿ ನಿಂತೇ ಹೋಗುತ್ತದೆ. ಸಾರಾಯಿಯೋ ನಿದ್ದೆ ಗುಳಿಗೆಯೋ ಜೊತೆಗೆ ಸೇರಿದರೆ ಅಪಾಯ ಇನ್ನೂ ಹೆಚ್ಚು.

1. ಗುರುತಿಸಿ. ಜೋರಾಗಿ ಕೂಗಿ, ಭುಜ ಅಲುಗಿಸಿ, ಎದೆಯ ನಡುವಿನ ಮೂಳೆಯನ್ನು ಗೆಣ್ಣಿನಿಂದ ಗಟ್ಟಿಯಾಗಿ ಉಜ್ಜಿ. ಏಳಲಿಲ್ಲವೇ? ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಆಗಿದೆಯೇ? ತುಟಿ, ಉಗುರು ಬೂದಿ ಬಣ್ಣಕ್ಕೆ ತಿರುಗಿವೆಯೇ? ಗಂಟಲಲ್ಲಿ ಗೊರಗೊರ ಸದ್ದು ಬಂದರೆ "ಗೊರಕೆ ಹೊಡೀತಾನೆ, ಮಲಗಲಿ ಬಿಡು" ಎನ್ನುತ್ತಾರೆ. ಅದು ಗೊರಕೆಯಲ್ಲ, ಗಾಳಿ ಹೋಗಲು ಒದ್ದಾಡುವ ಸದ್ದು.

2. 108ಕ್ಕೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿ. "ಎಚ್ಚರ ಇಲ್ಲ, ಸರಿಯಾಗಿ ಉಸಿರಾಡ್ತಿಲ್ಲ" ಎಂಬುದು ಮೊದಲ ಮಾತಾಗಲಿ. ಸುಮ್ನೆ "ಹಳೇ ಹುಬ್ಬಳ್ಳಿ" ಎಂದರೆ ಸಾಲದು, ಹತ್ತಿರದ ಗುಡಿಯೋ ಅಂಗಡಿಯೋ ಹೇಳಿ.

3. ಉಸಿರು ಕೊಡಿ. ಎಲ್ಲರೂ ತಪ್ಪುವುದು ಇಲ್ಲಿಯೇ. ತಲೆದಿಂಬು ಇಟ್ಟರೆ ಗದ್ದ ಎದೆಗೆ ತಾಗುತ್ತದೆ, ಸಡಿಲವಾದ ನಾಲಿಗೆ ಹಿಂದಕ್ಕೆ ಬಿದ್ದು ಗಂಟಲು ಮುಚ್ಚುತ್ತದೆ. ಮಂಚದಿಂದ ಇಳಿಸಿ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಬಾಯಲ್ಲಿ ಗುಟ್ಕಾ ಕಂಡರೆ ತೆಗೆಯಿರಿ, ಕಾಣದ್ದಕ್ಕೆ ಬೆರಳು ಹಾಕಬೇಡಿ. ಒಂದು ಅಂಗೈ ಹಣೆ ಮೇಲೆ, ಇನ್ನೊಂದು ಕೈಯ ಎರಡು ಬೆರಳು ಗದ್ದದ ಮೂಳೆ ಕೆಳಗೆ. ತಲೆ ಹಿಂದಕ್ಕೆ, ಗದ್ದ ಮೇಲಕ್ಕೆ. ಗದ್ದದ ಕೆಳಗಿನ ಮೆತ್ತನೆಯ ಜಾಗ ಒತ್ತಿದರೆ ಮತ್ತೆ ಗಂಟಲೇ ಮುಚ್ಚುತ್ತದೆ. ಮೂಗು ಹಿಡಿದು, ಬಾಯಿಗೆ ಬಾಯಿ ಸರಿಯಾಗಿ ಕೂಡಿಸಿ ಊದಿ. 5-6 ಸೆಕೆಂಡಿಗೆ ಒಂದು ಉಸಿರು. ನಿಮ್ಮ ಕಣ್ಣು ಎದೆಯ ಮೇಲಿರಲಿ. ಎದೆ ಏಳದಿದ್ದರೆ ತಲೆಯನ್ನು ಮತ್ತೆ ಸರಿಮಾಡಿ. ಬಲೂನು ಊದುವ ಹಾಗೆ ಊದಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿ ಬರುತ್ತದೆ. ನಾಡಿ ಇದೆಯೋ ಇಲ್ಲವೋ ತಿಳಿಯದಿದ್ದರೆ ಎದೆ ಒತ್ತಲು ಶುರುಮಾಡಿ: 30 ಒತ್ತು, 2 ಉಸಿರು.

ಬಾಯಿಗೆ ಬಾಯಿ ತಾಗದಂತೆ ನಡುವೆ ಇಡಲು ಮಾರುವ, ಕೀ ಚೈನಿಗೆ ಹಾಕುವ ತೆಳು ಪ್ಲಾಸ್ಟಿಕ್ ಹಾಳೆಗೆ ದುಡ್ಡು ಹಾಕಬೇಡಿ. ಊದುವಾಗ ಜಾರುತ್ತದೆ. ಬಾಯಿ, ಮೂಗಿನ ಮೇಲೆ ಕೂಡಿಸಿ ಊದುವ, ವಾಲ್ವ್ ಇರುವ ಪಾಕೆಟ್ ಮಾಸ್ಕೇ ತನ್ನಿ.

ಗದಗ, ಹಾವೇರಿ ಹಳ್ಳಿಗಳಲ್ಲಿ ಕಲಿಸುವಾಗ ಇದನ್ನೂ ಹೇಳಲೇಬೇಕು. ಹೊಲಕ್ಕೆ ಹೊಡೆಯುವ ಕೆಲವು ಕ್ರಿಮಿನಾಶಕ ಹೊಟ್ಟೆಗೆ ಹೋದರೂ ಪಾಪೆ ಹೀಗೇ ಚಿಕ್ಕದಾಗುತ್ತದೆ. ಬೆವರು, ಜೊಲ್ಲು ಸುರಿಯುತ್ತದೆ, ಘಾಟು ಹೊಡೆಯುತ್ತದೆ. ಅಲ್ಲಿ ಬಾಯಿಗೆ ಬಾಯಿ ಇಡಬೇಡಿ. 108ಕ್ಕೆ ಹೇಳಿ.

4. ನಲಾಕ್ಸೋನ್. ಅಫೀಮಿನಂಥ ಔಷಧಿಗಳ ಕೆಲಸ ತಡೆದು ಉಸಿರು ಮರಳಿಸುವ ಔಷಧಿ ಇದು. ಅಮೆರಿಕದ ವಿಡಿಯೋಗಳಲ್ಲಿ ಮೂಗಿಗೆ ಹೊಡೆಯುವ ಸ್ಪ್ರೇ ನೋಡಿರುತ್ತೀರಿ. 2023ರಿಂದ ಅದು ಅಲ್ಲಿ ಡಾಕ್ಟರ ಚೀಟಿ ಇಲ್ಲದೆಯೂ ಸಿಗುತ್ತದೆ. ನಮ್ಮಲ್ಲಿ ಆಸ್ಪತ್ರೆಯವರು ಕೊಡುವುದು ಇಂಜೆಕ್ಷನ್. ಕಲಿಯದವರು ಸೂಜಿ ಮುಟ್ಟಬೇಡಿ. ಕೊಟ್ಟ 2-3 ನಿಮಿಷದಲ್ಲಿ ಉಸಿರು ಮರಳಬಹುದು. ಎದ್ದವನು ಮೈನೋವು, ವಾಕರಿಕೆ ಅಂತ ಸಿಟ್ಟಾಗಿ "ಮನೆಗೆ ಹೋಗ್ತೀನಿ" ಎನ್ನುತ್ತಾನೆ. ಬಿಡಬೇಡಿ. ಈ ಔಷಧಿಯ ಬಲ 30ರಿಂದ 90 ನಿಮಿಷ. ಒಳಗಿನ ಗುಳಿಗೆ ಅದಕ್ಕಿಂತ ಹೆಚ್ಚು ಹೊತ್ತು ಇರಬಹುದು, ಆಗ ಉಸಿರು ಮತ್ತೆ ಇಳಿಯುತ್ತದೆ.

5. ಉಸಿರು ತಾನೇ ಸರಿಯಾಗಿ ಬಂದರೆ ಮಗ್ಗುಲಿಗೆ ಹೊರಳಿಸಿ, ಮೇಲಿನ ಮೊಣಕಾಲು ಮಡಚಿ. ಒಬ್ಬನನ್ನೇ ಬಿಟ್ಟು ಹೋಗಬೇಡಿ.

ತಣ್ಣೀರು, ಉಪ್ಪುನೀರು, ಹಾಲು, ಚಹಾ ಯಾವುದೂ ಬೇಡ. ಕೆನ್ನೆಗೆ ಬಾರಿಸುವುದೂ ಬೇಡ.

ಇನ್ನು ಮನೆಯವರಿಗೆ. ವ್ಯಸನಮುಕ್ತಿ ಕೇಂದ್ರದಿಂದಲೋ ಜೈಲಿನಿಂದಲೋ ಬಂದ ಮೊದಲ ವಾರಗಳೇ ದೊಡ್ಡ ಗಂಡಾಂತರ. ಬಿಟ್ಟ ಮೇಲೆ ಮೈಗೆ ತಡೆಯುವ ಶಕ್ತಿ ಇಳಿದಿರುತ್ತದೆ, ಹಳೆಯ ಅಳತೆಯೇ ಜೀವ ತೆಗೆಯಬಹುದು. ಬೈಯುವುದು ಆಮೇಲೆ ಇರಲಿ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ, ಇಲ್ಲವೇ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ. ಮರ್ಯಾದೆಗೆ ಅಂಜಿ ಖಾಲಿ ಗುಳಿಗೆ ಹಾಳೆಯನ್ನು ಎಸೆಯುವವರೇ ಜಾಸ್ತಿ. ಎಸೆಯಬೇಡಿ, 108ರವರ ಕೈಗೆ ಕೊಡಿ.